ಗೌರಮ್ಮ ಫ್ಲೋರ್ ಮಿಲ್ಲಿಗೆ ಬೋರ್ಡು ತರಲು ಹೋದದ್ದು

ಆಯುಧಪೂಜೆಯ ಹಿಂದಿನ ದಿನ ಬೆಳಗ್ಗೆ ಚಿಕ್ಕಲಸಂದ್ರದಲ್ಲಿ ಬನಶಂಕರಿಯ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ಅಕ್ಕ ಸರೋಜ. ಅವಳಿಗೆ ಹೆಂಗಸರ ಉಚಿತ ಟಿಕೆಟ್ಟು, ನನಗೆ ದುಡ್ಡಿನ ಟಿಕೆಟ್ಟು. ಸೀಟು ಸಿಕ್ಕಿದ್ದೂ ಅವಳಿಗೇ. "ಗಂಡಸಾಗಿ ಹುಟ್ಟಿದ ಕರ್ಮ, ನಿಂತ್ಕೋ" ಎಂದು ನಕ್ಕಳು. ಅವತ್ತು ಭಾರಿ ಖುಷಿಯಲ್ಲಿದ್ದಳು.

ಹೊರಟಿದ್ದು ಎಲ್‌ಇಡಿ ಬೋರ್ಡು ತರಲಿಕ್ಕೆ. ಅಕ್ಕನ ಗಂಡ, ನಮ್ಮ ಶಿವಣ್ಣ ಭಾವ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಅದಕ್ಕೆ ತಾಯಿಯ ಹೆಸರಿಟ್ಟಿದ್ದಾರೆ: ಗೌರಮ್ಮ ಫ್ಲೋರ್ ಮಿಲ್. ಹಳೆಯ ತಗಡಿನ ಬೋರ್ಡು ತುಕ್ಕು ಹಿಡಿದು ಹೆಸರೇ ಅಳಿಸಿಹೋಗಿತ್ತು. ಭಾವನ ಕಣ್ಣೂ ಮಂಜಾಗುತ್ತಾ ಬಂದಿತ್ತು. ನರ ಸೋಲುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಮುಖದ ಮೇಲೇ ಹೇಳಿದ್ದರು. ಒಂದು ಸಂಜೆ ಭಾವ ನನಗೆ ಹೇಳಿದರು, "ಪೂರ್ತಿ ಕತ್ತಲಾಗೋಕೆ ಮುಂಚೆ ಎದುರುಗಡೆ ಬಸ್ ಸ್ಟಾಪಲ್ಲಿ ನಿಂತ್ಕೊಂಡು ಅಮ್ಮನ ಹೆಸರು ಒಂದ್ ಸಲ ಓದ್ಬೇಕು ಕಣೋ."

ಯಾವತ್ತೂ ಏನೂ ಕೇಳದ ಮನುಷ್ಯ. ಹಬ್ಬದಲ್ಲಿ ಮೆಷಿನ್ನಿಗೆ ಪೂಜೆಯಾಗುವಾಗ ಹೊಸ ಬೋರ್ಡಿಗೂ ಕುಂಕುಮ ಬೀಳಲಿ, ಅವರಿಗೂ ಇದ್ದಕ್ಕಿದ್ದಂತೆ ಖುಷಿಯಾಗಲಿ ಎಂದು ಗುಟ್ಟಾಗಿ ಹೊರಟಿದ್ದೆವು. ಅವರಿಗೆ ಹೇಳಿದ್ದು ಹೂವು, ಬೂದುಗುಂಬಳಕಾಯಿ ತರುತ್ತೇವೆಂದು.

ಬನಶಂಕರಿಯಲ್ಲಿ ಇಳಿದರೆ ಕಾಲಿಡಲು ಜಾಗವಿಲ್ಲ. ಫುಟ್‌ಪಾತಿನ ಉದ್ದಕ್ಕೂ ಬಾಳೆಕಂದು, ಕುಂಬಳಕಾಯಿ ರಾಶಿ. ಒಂದು ಎಲೆಕ್ಟ್ರಿಕಲ್ ಅಂಗಡಿಗೆ ನುಗ್ಗಿ, ಜಾಸ್ತಿ ವ್ಯಾಟಿನ ಎಲ್‌ಇಡಿ ಕೊಡಿ ಎಂದೆ. "ವ್ಯಾಟ್ ಅಂದ್ರೆ ಎಷ್ಟು ಕರೆಂಟ್ ತಿನ್ನುತ್ತೆ ಅಂತ ಅಷ್ಟೇ ಸಾರ್. ಬೆಳಕು ಬೇಕಾದ್ರೆ ಲ್ಯೂಮೆನ್ ನೋಡಿ" ಎಂದ ಅಂಗಡಿಯವನು. ಗೋಡೆಯ ಹೊರಗೆ ಹಾಕುವುದಾದರೆ ಮಳೆನೀರು ಇಳಿಯದ ಹಾಗೆ ಸೀಲ್ ಆಗಿರಬೇಕು ಎಂದೂ ಹೇಳಿದ. ಬೋರ್ಡು ಮಾತ್ರ ಅವನಲ್ಲಿರಲಿಲ್ಲ, ಜೆ.ಪಿ. ನಗರಕ್ಕೆ ಹೋಗಿ ಎಂದ.

ಆಟೋದವನು ಹಬ್ಬದ ಹೆಸರು ಹೇಳಿ ಮೀಟರಿನ ಮೇಲೆ ಮೂವತ್ತು ಕಿತ್ತುಕೊಂಡ. ನನ್ನ ಮೂಡು ಅಲ್ಲಿಂದಲೇ ಕೆಟ್ಟಿತು.

ಜೆ.ಪಿ. ನಗರದ ಬೋರ್ಡಿನಂಗಡಿ ನಡೆಸುತ್ತಿದ್ದವರು ರೇಖಾ ಎಂಬಾಕೆ. ಒಂದು ಬೋರ್ಡಿಗೆ ಸ್ವಿಚ್ ಹಾಕಿ ತೋರಿಸಿದರು. ಕಪ್ಪು ಹಲಗೆ, ಅದರಲ್ಲಿ ಕೊರೆದ ಅಕ್ಷರ, ಅಕ್ಷರದ ಹಿಂದೆ ಹಾಲು ಬಣ್ಣದ ಅಕ್ರಿಲಿಕ್, ಅದರ ಹಿಂದೆ ಸಾಲಾಗಿ ಎಲ್‌ಇಡಿ. ಬೆಳಕು ಎಲ್ಲೂ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಅಕ್ಷರಗಳು ಕದಲದೆ ನಿಂತಿದ್ದವು. ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು.

"ಬೋರ್ಡ್ ಯಾರು ಓದ್ಬೇಕು, ಎಷ್ಟು ದೂರದಿಂದ?" ಎಂದು ರೇಖಾ ಕೇಳಿದರು.

"ಗಿರಾಕಿಗಳು, ಇನ್ಯಾರು?" ಎಂದಳು ಅಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಮೊಣಕೈ ಚಿವುಟಿದಳು. ಗಿರಣಿಯವನಿಗೆ ಕಣ್ಣು ಮಂಜು ಎಂದು ಸುದ್ದಿಯಾದರೆ, ರಾಗಿ ಡಬ್ಬಕ್ಕೆ ಯಾರದೋ ಗೋಧಿ ಹಿಟ್ಟು ಸುರಿಯುತ್ತಾನೆ ಎಂದು ಜನ ಬೇರೆ ಮಿಲ್ಲು ನೋಡಿಕೊಳ್ಳುತ್ತಾರೆ. ಅದು ಅವಳ ಭಯ. ಜೆ.ಪಿ. ನಗರದಲ್ಲಿ ಆಡಿದ ಮಾತು ಚಿಕ್ಕಲಸಂದ್ರಕ್ಕೆ ಯಾಕಾದರೂ ಹೋಗುತ್ತಿತ್ತು! ಅಲ್ಲಿ ಒಂದೇ ಒಂದು ನಿಜ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

"ಹಬ್ಬ ಆದ್ಮೇಲೆ ಐದು ದಿನ ಕೊಡಿ, ಕೆಲಸದವರು ಊರಿಗೆ ಹೋಗಿದಾರೆ" ಎಂದರು ರೇಖಾ.

"ನಾಳೆ ಪೂಜೆ ಇಟ್ಕೊಂಡು ಹಬ್ಬ ಆದ್ಮೇಲೆ ಅಂದ್ರೆ ಹೇಗಮ್ಮ?" ಅಕ್ಕನ ಮುಖ ಬಾಡಿತು.

ಅಲ್ಲಿಂದ ಜಯನಗರಕ್ಕೆ ಬಂದು, ನಾಲ್ಕನೇ ಬ್ಲಾಕಿನಲ್ಲಿ ನಿಂತುಕೊಂಡೇ ಖಾಲಿ ದೋಸೆ ತಿಂದೆವು, ಬೈಟು ಕಾಫಿ ಕುಡಿದೆವು. ಸಾಗು ಚೆನ್ನಾಗಿತ್ತು, ಬಿಸಿಲು ಮಾತ್ರ ನೆತ್ತಿ ಸುಡುತ್ತಿತ್ತು. "ಆ ಬೋರ್ಡೇ ಚೆನ್ನಾಗಿತ್ತು ಅಲ್ವೇನೋ? ಕಾಯೋಣ್ವಾ?" ಎಂದಳು ಅಕ್ಕ.

"ಅಯ್ಯೋ, ಐದು ದಿನ ಅಂದ್ರೆ ಹದಿನೈದು ದಿನ. ಮತ್ತೆ ಈ ಟ್ರಾಫಿಕ್ಕಲ್ಲಿ ಅಲೆಯೋಕೆ ನನ್ನ ಕೈಲಾಗಲ್ಲ. ಇವತ್ತೇ ಮುಗಿಸೋಣ" ಎಂದು ರೇಗಿದೆ. ಲೋಟ ಇಟ್ಟು ತಿಲಕ್ ನಗರದ ಕಡೆ ನಡೆದೆವು.

ಅಲ್ಲಿ ರೆಡಿಮೇಡ್ ಬೋರ್ಡು ಸಿಕ್ಕಿತು. ಕೆಂಪು ಚುಕ್ಕಿಯ ಅಕ್ಷರಗಳು ಬಲದಿಂದ ಎಡಕ್ಕೆ ಓಡುವಂಥದ್ದು. ಏನು ಬೇಕೋ ಫೋನಿನಲ್ಲಿ ಟೈಪ್ ಮಾಡಿದರೆ ಬೋರ್ಡಿನಲ್ಲಿ ಬರುತ್ತದೆ. "ಹೆಸರೂ ಬರುತ್ತೆ, ರಾಗಿ, ಗೋಧಿ, ಖಾರದಪುಡಿ ಎಲ್ಲಾನೂ ಬರುತ್ತೆ" ಎಂದು ಅಂಗಡಿಯವನು ಅಲ್ಲೇ ಹಾಕಿ ತೋರಿಸಿದ.

"ನಿಲ್ಸಕ್ಕಾಗಲ್ವಾ?" ಎಂದಳು ಅಕ್ಕ.

"ನಿಲ್ಸಿದ್ರೆ ಅರ್ಧ ಹೆಸರು ಮಾತ್ರ ಹಿಡಿಸುತ್ತೆ ಆಂಟಿ, ಓಡ್ಲೇಬೇಕು."

"ಮಿಲ್ಲು ಅಂದ್ಮೇಲೆ ಓಡ್ತಾನೇ ಇರ್ಬೇಕು ಬಿಡಕ್ಕ" ಎಂದೆ. ನನಗೆ ಅದು ಸಖತ್ತಾಗಿ ಕಂಡಿತ್ತು. ಅಕ್ಕ ನಕ್ಕು ದುಡ್ಡು ಕೊಟ್ಟಳು.

ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ವಾಪಸಾದೆವು. ಕುಂಬಳಕಾಯಿ ಮರೆತೇಹೋಗಿತ್ತು. "ಬೆಳಗ್ಗೆ ಹೋದೋರು ಇಷ್ಟೊತ್ತಿಗೆ ಬಂದ್ರಿ, ಕುಂಬಳಕಾಯಿ ಎಲ್ಲಿ?" ಎಂದು ಭಾವ ಬೈದರು. ವಿಷಯ ತಿಳಿದಾಗ ಮಾತ್ರ ಕಟ್ಟೆಯ ಮೇಲೆ ಕೂತು ಸುಮ್ಮನೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಇದ್ದರು. ಪರಿಚಯದ ಎಲೆಕ್ಟ್ರಿಷಿಯನ್ ಬಂದು, ದೀಪ ಹಚ್ಚುವ ಹೊತ್ತಿಗೆ ಬೋರ್ಡು ಕೂರಿಸಿದ.

ಭಾವ ನನ್ನ ಭುಜ ಹಿಡಿದುಕೊಂಡು ರಸ್ತೆ ದಾಟಿದರು. ಬಸ್ ಸ್ಟಾಪಿನಲ್ಲಿ ನಿಂತು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಚೆ ಕಡೆ ಬೋರ್ಡಿನ ಕೆಳಗೇ ನಿಂತಿದ್ದ ಅಕ್ಕ ಸ್ವಿಚ್ ಹಾಕಿದಳು. ಗೌರಮ್ಮನ ಹೆಸರು ಬಂತು, ಓಡಿತು, ಹೋಯಿತು. ಭಾವನ ಮುಖ ಅದರ ಹಿಂದೆ ನಿಧಾನಕ್ಕೆ ತಿರುಗಿತು. ಅವರು ತಿರುಗುವಷ್ಟರಲ್ಲಿ ರಾಗಿ ಬಂದಿತ್ತು, ಅದರ ಹಿಂದೆ ಗೋಧಿ. ಇನ್ನೊಂದು ಸುತ್ತು ಹೆಸರು ಬಂದು ಹೋಯಿತು. ಅವರ ಬೆರಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು.

"ಕಾಣ್ತಾ ರೀ?" ಅಕ್ಕ ಆಚೆಯಿಂದ ಕೂಗಿದಳು.

"ಹ್ಞಾಂ! ಗೌರಮ್ಮ ಫ್ಲೋರ್ ಮಿಲ್!" ಭಾವ ಗಟ್ಟಿಯಾಗಿ ಓದಿದರು. "ಅಮ್ಮನ ಹೆಸರು ಎಷ್ಟು ದಪ್ಪ ಕಾಣ್ತಿದೆ ಸರೋಜ!"

ಆಗ ಬೋರ್ಡಿನಲ್ಲಿ ಓಡುತ್ತಿದ್ದದ್ದು 'ಖಾರದಪುಡಿ ಮಾಡಿಕೊಡಲಾಗುವುದು'.

ಅಕ್ಕನಿಗೆ ಬೋರ್ಡಿನ ಕೆಳಗಿಂದ ಏನೂ ಕಾಣುತ್ತಿರಲಿಲ್ಲ. ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ನಾನು ಭಾವನ ಕೈ ಹಿಡಿದು ರಸ್ತೆ ದಾಟಿಸಿದೆ. ಅವರು ಒಳಗೆ ಹೋದ ಮೇಲೆ ಅಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು, "ಒಂದೇ ಸಲಕ್ಕೆ ಓದಿದ್ರೇನೋ?"

"ಹೂಂ ಅಕ್ಕ" ಎಂದೆ, "ಒಂದೇ ಸಲಕ್ಕೆ."