ಮುಚ್ಚಿಟ್ಟ ಬಿ.ಎ.

ಓದದೇ ಇರುವುದನ್ನು ಓದಿದ್ದೇನೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಟೀಚರಾದವರಿಗೆ ಅದು ಮಾಮೂಲು. ಓದಿದ್ದನ್ನೇ ಓದಿಲ್ಲವೆಂದು ಸಾಧಿಸಲು ಹೊರಟದ್ದು ಮಾತ್ರ ಒಂದೇ ಸಲ. ಅದೂ ಬ್ಯಾಂಕಿನಲ್ಲಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊನ್ನಾವರದಲ್ಲಿ ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಕುಮಟೆಯಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಶನಿವಾರದೊಳಗೆ ಫೀ ಕಟ್ಟದಿದ್ದರೆ ಸೀಟು ಮುಂದಿನವರಿಗೆ. ಮೀನು ಮಾರುವ ತಾಯಿ, ನಮ್ಮ ಅವ್ವಿಯಿಂದ ಅಷ್ಟು ದುಡ್ಡು ಹೊಂದಿಸಲು ಆಗುವಂತಿರಲಿಲ್ಲ. ಓದಿಗೂ ಬ್ಯಾಂಕು ಸಾಲ ಕೊಡುತ್ತದಂತೆ ಎಂಬ ಸುದ್ದಿ ಆಗಷ್ಟೇ ನಮ್ಮ ಕೇರಿಗೆ ಬಂದಿತ್ತು. ಹಿಂದೆಯೇ ಸಲಹೆಯೂ ಬಂತು. ಭಟ್ಕಳಕ್ಕೆ ಮೀನಿನ ಟೆಂಪೋ ಹೊಡೆಯುವ ಪಕ್ಕದ ಮನೆಯ ಮಾದೇವಣ್ಣ, ಒಂದು ಡಿಗ್ರಿ ಆದವರಿಗೆ ಸಾಲವಿಲ್ಲ, ಬಿ.ಎ. ಸುದ್ದಿಯನ್ನೇ ಎತ್ತಬೇಡ ಎಂದ. ನಾಲ್ಕೂರು ತಿರುಗುವವನ ಮಾತು. ನಾನು ಪಿಯುಸಿ ಅಂಕಪಟ್ಟಿ ಮಾತ್ರ ಲಗತ್ತಿಸಿ ಅರ್ಜಿ ಕೊಟ್ಟೆ.

ಮ್ಯಾನೇಜರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. ಬಿ.ಎಡ್.ಗೆ ಸೇರಲು ಪದವಿ ಆಗಿರಬೇಕಲ್ಲಮ್ಮ, ಪಿಯುಸಿ ಮೇಲೆ ನಿಮಗೆ ಸೀಟು ಕೊಟ್ಟವರು ಯಾರು ಎಂದು ಕೇಳಿದರು. ಇಷ್ಟು ಸರಳ ಸಂಗತಿ ನನಗಾಗಲಿ ಮಾದೇವಣ್ಣನಿಗಾಗಲಿ ಹೊಳೆದೇ ಇರಲಿಲ್ಲ. ಚೀಲದ ತಳದಿಂದ ಬಿ.ಎ. ಸರ್ಟಿಫಿಕೇಟನ್ನು ಕದ್ದ ಮಾಲಿನ ಹಾಗೆ ತೆಗೆದು ಮೇಜಿನ ಮೇಲಿಟ್ಟೆ.

ಎರಡನೆಯದೆಂದರೆ ಲೋಕಕ್ಕೆ ಏನೋ ಅನುಮಾನ. ಎರಡನೇ ಮದುವೆಗೆ ಕಾರಣ ಹೇಳಬೇಕು, ಪಂಕ್ತಿಯಲ್ಲಿ ಎರಡನೇ ಸಲ ಪಾಯಸಕ್ಕೆ ಸ್ವಲ್ಪ ನಾಚಬೇಕು. ಸಂಸ್ಕೃತದಲ್ಲಿ ಹಕ್ಕಿಗೂ ಬಾಯಿಯ ಹಲ್ಲಿಗೂ ದ್ವಿಜ ಎನ್ನುತ್ತಾರೆ, ಎರಡು ಸಲ ಹುಟ್ಟುವುದರಿಂದ. ಅವುಗಳ ಅರ್ಹತೆಯನ್ನು ಯಾರೂ ವಿಚಾರಿಸಿದಂತಿಲ್ಲ.

ಎರಡನೇ ಪದವಿಗೆ ಬ್ಯಾಂಕಿನ ಅಡ್ಡಿಯೇನೂ ಇರಲಿಲ್ಲವಂತೆ. ಆದರೆ ಮೊದಲನೆಯದನ್ನು ಮುಚ್ಚಿಟ್ಟವಳನ್ನು ನಂಬುವುದು ಹೇಗೆಂದು ಮ್ಯಾನೇಜರಿಗೆ ಪೇಚಾಟ. ಸಾಲಕ್ಕೆ ನನ್ನ ಜೊತೆ ಸಹಿ ಹಾಕಲು ಬಂದಿದ್ದ ಅವ್ವಿಯ ಕಡೆ ತಿರುಗಿ, ಒಂದು ಪದವಿ ಓದಿ ಮನೆಯಲ್ಲಿ ಕೂತವಳಿಗೆ ಇನ್ನೊಂದು ಏತಕ್ಕೆ ಎಂದರು.

"ಮೊದ್ಲಿಂದು ನಾ ಓದ್ಸಿದ್ದು ಸಾಹೇಬ್ರೆ, ಕಾಲೇಜು ಹತ್ರ ಇತ್ತು, ಹಾಕ್ದೆ," ಎಂದಳು ಅವ್ವಿ. "ಇದು ಅವ್ಳಿಗೆ ಬೇಕಾದ್ದು. ಕೇರಿ ಮಕ್ಕಳನ್ನ ಕೂರ್ಸ್ಕಂಡು ಪಾಠ ಹೇಳುವಾಗ ಇವ್ಳ ಮುಖ ನೀವು ಒಂದ್ಸಲ ನೋಡ್ಬೇಕು."

ಮ್ಯಾನೇಜರು ಹಳೆಯ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೊಸ ಫಾರ್ಮು ಕೊಟ್ಟು, ಈ ಸಲ ಓದಿದ್ದನ್ನೆಲ್ಲ ಬರೆಯಿರಿ ಎಂದರು. ಶುಕ್ರವಾರ ಸಂಜೆ ಫೀಸಿನ ಡಿ.ಡಿ. ಕೈಗೆ ಬಂತು.

ಆ ಮ್ಯಾನೇಜರನ್ನು ಇವತ್ತಿಗೂ ನೆನೆಯುತ್ತೇನೆ. ಮಾದೇವಣ್ಣನನ್ನೂ ನೆನೆಯುತ್ತೇನೆ; ಅವನ ತಪ್ಪು ಸಲಹೆ ಇಲ್ಲದಿದ್ದರೆ ಅವ್ವಿಗೆ ಕೇಳಿದ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಿ.ಎಡ್. ಆದರೆ ಬೇಗ ನೌಕರಿ ಸಿಗುತ್ತದೆ ಎಂದಷ್ಟೇ ನಾನು ಮನೆಯಲ್ಲಿ ಹೇಳಿದ್ದೆ. ಪಾಠ ಹೇಳುವುದು ನನಗೆ ಅಷ್ಟು ಇಷ್ಟವೆಂದು ಅವ್ವಿಗೆ ಒಂದು ದಿನವೂ ಹೇಳಿರಲಿಲ್ಲ.