ಕೈ ತಡೆದು ನಿಲ್ಲುವ ಕೆಲಸ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಮಂಚದ ಅಂಚಿನಲ್ಲಿ ಕೂತ ಮುದುಕರೊಬ್ಬರು ತಮ್ಮ ಅಂಗಿಯ ಗುಂಡಿಯ ಜೊತೆ ಗುದ್ದಾಡುತ್ತಿದ್ದಾರೆ. ಹೊಸ್ತಿಲ ಹೊರಗಿನ ಸ್ಟೂಲಿನ ಮೇಲೆ ಹೆಂಗಸೊಬ್ಬರು ಕೂತು, ಅಡುಗೆಮನೆಯ ಒರೆಸುವ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾರೆ. ಬಟ್ಟೆ ಒಣಗಿದೆ, ಹಿಂಡಲು ಅದರಲ್ಲಿ ಏನೂ ಇಲ್ಲ. ಗುಂಡಿ ಕಾಜದ ಬಾಯಿಯವರೆಗೆ ಬಂದು ಮತ್ತೆ ಜಾರುತ್ತದೆ. “ಇರು, ಇರು” ಎಂದು ಹೆಂಗಸು ಪಿಸುಗುಡುತ್ತಾರೆ. ಅದು ಮುದುಕರಿಗೆ ಹೇಳಿದ್ದಲ್ಲ, ತಮ್ಮ ಕೈಗಳಿಗೇ ಹೇಳಿಕೊಂಡದ್ದು.

ಇವರು ಆ ಮುದುಕರನ್ನು ನೋಡಿಕೊಳ್ಳಲು ಕಡಲು ದಾಟಿ ಬಂದ ಆಯಾ. ಕಟ್ಟಡದ ಕೆಳಮಹಡಿಯ ಒಂದು ಕೋಣೆಯಲ್ಲಿ, ತಮ್ಮಂತೆಯೇ ದುಡಿಯಲು ಬಂದ ಹೆಂಗಸರ ಜೊತೆ ವಾಸ. ಅವರಿಗೆಲ್ಲ ಇವರು ದೊಡ್ಡಕ್ಕ. ಬೆಳಗಾಗುವ ಮುಂಚೆ ಮೇಲೆ ಬಂದರೆ ಇಳಿಯುವುದು ಸಂಜೆಗೇ. ಮಿಕ್ಕ ಹೊತ್ತು ಮುದುಕರು ಒಬ್ಬರೇ. ಮುದುಕರು ಆ ದೇಶದವರೇ, ಕಸುಬಿನಲ್ಲಿ ದರ್ಜಿ. ಬೀದಿಯ ಅರ್ಧ ಜನರ ಅಂಗಿಗೆ ಗುಂಡಿ ಹಾಕಿದ ಬಲಗೈ, ಪಾರ್ಶ್ವವಾಯು ಬಡಿದ ಮೇಲೆ ಮಾತು ಕೇಳದ ಮಗನಂತಾಗಿದೆ. ದೊಡ್ಡಕ್ಕ ಅವರನ್ನು ತಾತ ಎನ್ನುತ್ತಾರೆ.

ಇವತ್ತು ತಾತನಿಗೆ ಪರೀಕ್ಷೆ. ಆರೋಗ್ಯ ಕಚೇರಿಯ ನರ್ಸ್ ಬರುತ್ತಾರೆ. ಅವರ ಕಣ್ಣೆದುರು ತಾತ ಯಾರ ನೆರವೂ ಇಲ್ಲದೆ ಅಂಗಿ ತೊಟ್ಟು, ಒಂದು ಲೋಟ ಚಹಾ ಮಾಡಿಕೊಂಡು ಕುಡಿಯಬೇಕು. ಅಷ್ಟು ಮಾಡಿದರೆ ಈ ಮನೆ ಉಳಿಯುತ್ತದೆ. ಆಗದಿದ್ದರೆ ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗಬೇಕು. ಕಿಟಕಿಯ ಪಕ್ಕದಲ್ಲಿರುವ ಹೊಲಿಗೆ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ.

“ಪರೀಕ್ಷೆ ಅವರಿಗೆ ಅಂತಾರೆ. ನಿಜವಾಗಿ ಪರೀಕ್ಷೆ ನನಗೆ,” ಎನ್ನುತ್ತಾರೆ ದೊಡ್ಡಕ್ಕ. “ಹೋದ ಸಲ ಅವರು ಫೇಲಾಗಿದ್ದು ನನ್ನಿಂದ.”

ಆ ಕತೆ ಶುರುವಾಗುವುದು ಅವರ ಅತ್ತೆಯಿಂದ. ಅತ್ತೆಗೆ ಕೈ ನಡುಗುವ ಕಾಯಿಲೆ. ದೊಡ್ಡಕ್ಕ ಅವರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡವರು. ತುತ್ತು ಕಲಸಿ ಬಾಯಿಗಿಟ್ಟರು, ತಲೆ ಬಾಚಿದರು, ನೀರಿನ ಲೋಟವನ್ನೂ ತಾವೇ ಹಿಡಿದರು. ನೆಂಟರು ಬಂದರೆ “ಸೊಸೆ ಅಂದ್ರೆ ಹೀಗಿರಬೇಕು” ಎಂದು ತಮ್ಮ ಸೊಸೆಯರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಗಂಡ ಬೆನ್ನು ಹಿಡಿದುಕೊಂಡು ಕೆಲಸ ಬಿಟ್ಟಾಗ, ಅತ್ತೆಯನ್ನು ಓರಗಿತ್ತಿಯ ಕೈಗೊಪ್ಪಿಸಿ ದೊಡ್ಡಕ್ಕ ವಿಮಾನ ಹತ್ತಿದರು. ಓದು ಹೆಚ್ಚಿಲ್ಲ, ಭಾಷೆ ಬರುವುದಿಲ್ಲ. ಮುದುಕರ ಸೇವೆಯೊಂದು ಮಾತ್ರ ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಲ್ಲ ಎಂಬ ಧೈರ್ಯವಿತ್ತು.

ಆ ಧೈರ್ಯವೇ ಮುಳುವಾಯಿತು. ತಾತ ಚಮಚಕ್ಕೆ ಕೈ ಹಾಕುವ ಮೊದಲೇ ಇವರ ತುತ್ತು ತಾತನ ಬಾಯಿ ಹತ್ತಿರ. ಅಂಗಿ, ಕಾಲುಚೀಲ, ಕನ್ನಡಕ ಎಲ್ಲವನ್ನೂ ಇವರೇ ಹಾಕುವುದು. ತಾತ ಒಂದು ದಿನವೂ ಬೇಡ ಎನ್ನಲಿಲ್ಲ. ತಲೆ ಬಾಗಿಸಿ, ಒಳ್ಳೆಯ ಮಗುವಿನಂತೆ ಬಾಯಿ ತೆರೆದರು. ದೊಡ್ಡಕ್ಕ ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಒಂದು ದಿನ ನರ್ಸ್ ಬಂದು ತಾತನ ಕೈಗೆ ಖಾಲಿ ಲೋಟ ಕೊಟ್ಟರು. ಲೋಟ ನೆಲಕ್ಕೆ ಬಿತ್ತು. ಆಸ್ಪತ್ರೆಯಿಂದ ಬಂದಾಗ ಅದೇ ಕೈ ಲೋಟ ಹಿಡಿಯುತ್ತಿತ್ತಂತೆ.

“ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ಇವರನ್ನ ಒಬ್ಬರೇ ಬಿಡೋಕಾಗಲ್ಲ,” ಎಂದು ಹೇಳಿ ನರ್ಸ್ ಹೊರಟರು. ದೊಡ್ಡಕ್ಕ ಬಾಗಿಲು ಹಾಕಿಕೊಂಡು ಬಂದು, ಬರುವಷ್ಟು ಭಾಷೆಯಲ್ಲಿ ತಾತನನ್ನು ಕೇಳಿದರು, ಮೊದಲೇ ಬೇಡ ಅಂತ ಯಾಕೆ ಹೇಳಲಿಲ್ಲ ಎಂದು. ತಾತ ಹೇಳಿದರಂತೆ: “ನಿಮ್ಮ ಕಡೆ ಹಿರಿಯರಿಗೆ ಹೀಗೇ ಮಾಡ್ತಾರೇನೋ ಅಂದ್ಕೊಂಡೆ. ಬೇಡ ಅಂದ್ರೆ ನಿನಗೆ ಅವಮಾನ ಆಗುತ್ತೆ ಅನ್ನಿಸ್ತು.”

ಒಬ್ಬರು ಮರ್ಯಾದೆ ಎಂದು ತಿನ್ನಿಸಿದರು, ಇನ್ನೊಬ್ಬರು ಮರ್ಯಾದೆ ಎಂದು ತಿಂದರು. ಇಬ್ಬರದೂ ಒಳ್ಳೆಯ ಮನಸ್ಸೇ, ಆದರೆ ನಡುವೆ ಬಡವಾದದ್ದು ತಾತನ ಕೈ. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ದೊಡ್ಡಕ್ಕ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದರು. ಅದು ತಮಗೂ ತಗಲುತ್ತದೆ ಎಂದು ಗೊತ್ತಾದ ಆ ದಿನ ಅವರಿಗೆ ಊಟ ಸೇರಲಿಲ್ಲ.

ಮಾರನೆಯ ಬೆಳಗ್ಗೆಯಿಂದ ಅವರು ಹೊಸದಾಗಿ ಅಕ್ಷರಾಭ್ಯಾಸಕ್ಕೆ ಕೂತರು. ಪಾಠ ಒಂದೇ: ಮುಟ್ಟದಿರುವುದು. ತಾತ ಹಳೆಯ ಡಬ್ಬಿಯ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ದೊಡ್ಡದು ಬೇರೆ ಚಿಕ್ಕದು ಬೇರೆ ಎಂದು ಬಲಗೈಯಲ್ಲಿ ಆರಿಸುತ್ತಾರೆ. ಉರುಳಿ ಬಿದ್ದದ್ದನ್ನು ದೊಡ್ಡಕ್ಕ ಹೆಕ್ಕಿ ಕೊಡುವಂತಿಲ್ಲ, ತಾತನೇ ಬಗ್ಗಬೇಕು. ಅಂಗಿ ತೊಡುವಷ್ಟರಲ್ಲಿ ಅನ್ನ ಬೆಂದು ಆರಿರುತ್ತದೆ. “ಪಾತ್ರೆ ತಿಕ್ಕಿ, ಬಟ್ಟೆ ಒಗೆದು ದಣೀಬಹುದು ಕಣ್ರೀ. ಸುಮ್ನೆ ಕೂತು ದಣಿಯೋದು ಇಲ್ಲೇ ಗೊತ್ತಾಗಿದ್ದು. ಮುಂಗೈಯೆಲ್ಲ ನೋಯುತ್ತೆ,” ಎಂದು ನಗುತ್ತಾರೆ. ಒರೆಸುವ ಬಟ್ಟೆ ಬಂದದ್ದು ಆಗಲೇ. ಕೈಗೂ ಏನಾದರೂ ಕೆಲಸ ಬೇಕಲ್ಲ.

ಈ ಪಾಠವನ್ನು ಅವರು ಫೋನಿನಲ್ಲಿ ಮನೆಗೂ ದಾಟಿಸಲು ನೋಡಿದರು. ಅತ್ತೆಯ ಮುಂದೆ ತಟ್ಟೆ ಇಟ್ಟು ಸುಮ್ಮನಿರು ಎಂದರೆ, ಓರಗಿತ್ತಿ ಕೆಂಡವಾದಳು. “ನೀನು ಅಲ್ಲಿ ಹೋಗಿ ಕಲ್ಲಾಗಿದೀಯ ಅಕ್ಕ. ಅತ್ತೆ ಅನ್ನ ಚೆಲ್ಲಿಕೊಂಡು ಕೂತ್ರೆ ಬಂದವರು ನನ್ನ ಮುಖಕ್ಕೆ ಉಗೀತಾರೆ. ನೀನು ಹೊಗಳಿಸಿಕೊಂಡು ಹೋದೆ, ನಾನು ಬೈಸಿಕೊಳ್ಳಬೇಕಾ?” ಮಾತು ಸುಳ್ಳಲ್ಲ. ದೊಡ್ಡಕ್ಕ ಫೋನಿಟ್ಟರು. ಬಹಳ ಹಿಂದೆ ಅತ್ತೆ ತಟ್ಟೆಯ ಕಡೆ ಕೈ ಚಾಚಿದ್ದು, ತಾವೇ ಆ ಕೈಯನ್ನು ಮೆಲ್ಲಗೆ ಮಡಿಲಿಗೆ ವಾಪಸ್ ಇಟ್ಟದ್ದು ನೆನಪಾಗಿ ಅತ್ತರು.

ಬೆಲ್ ಆಗುತ್ತದೆ. ನರ್ಸ್ ಬಂದು ಕೋಣೆಯ ಮೂಲೆಯಲ್ಲಿ ನಿಲ್ಲುತ್ತಾರೆ. ಅವರು ನೋಡಬೇಕೆಂದು ತಾತ ತೊಟ್ಟ ಅಂಗಿ ತೆಗೆದು ಮತ್ತೆ ಮೊದಲಿನಿಂದ ತೊಡುತ್ತಾರೆ. ಕೊನೆಯ ಗುಂಡಿ ಹಾಕಿ ಮುಗಿದಾಗ ನರ್ಸ್ “ಸಾಕು” ಎನ್ನುತ್ತಾರೆ. ಆದರೆ ಕನ್ನಡಿಯಲ್ಲಿ ಒಂದು ಗುಂಡಿ ಪಕ್ಕದ ಕಾಜಕ್ಕೆ ಸೇರಿ ಅಂಗಿ ಸೊಟ್ಟಗಾಗಿರುವುದು ತಾತನಿಗೆ ಕಾಣುತ್ತದೆ. “ನಾನು ದರ್ಜಿ,” ಎಂದು ಅವರು ಎಲ್ಲವನ್ನೂ ಬಿಚ್ಚತೊಡಗುತ್ತಾರೆ. ದೊಡ್ಡಕ್ಕ ಒಣ ಬಟ್ಟೆಯನ್ನು ಇನ್ನಷ್ಟು ಹಿಂಡುತ್ತಾರೆ. ಗೆದ್ದ ಆಟವನ್ನು ಕೆಡಿಸಿಕೊಳ್ಳುತ್ತಿರುವ ಈ ಹಟಮಾರಿಯನ್ನು ಬೈಯಲೂ ಆಗದು, ತಡೆಯಲೂ ಆಗದು. ಎರಡನೆಯ ಸಲ ಗುಂಡಿಗಳು ನೆಟ್ಟಗೆ ಕೂರುತ್ತವೆ.

ಉಳಿದದ್ದು ಚಹಾ. ಎಲ್ಲರೂ ಅಡುಗೆಮನೆಗೆ ಬರುತ್ತಾರೆ, ದೊಡ್ಡಕ್ಕನ ಸ್ಟೂಲೂ ಅದರ ಬಾಗಿಲಿಗೆ ಬರುತ್ತದೆ. ತಾತ ಎಡಗೈಯಲ್ಲಿ ಕೆಟಲ್ ಎತ್ತಿ, ಬಲಗೈಯನ್ನು ಅದರ ಹಿಡಿಗೆ ಆಸರೆಯಾಗಿ ಇಡುತ್ತಾರೆ. ಕೆಟಲ್ಲಿನ ಮುಚ್ಚಳ ಕಟಕಟ ಎನ್ನುತ್ತದೆ. ನೀರು ಲೋಟಕ್ಕೆ ಬೀಳುತ್ತದೆ, ಆಮೇಲೆ ಲೋಟದ ಪಕ್ಕಕ್ಕೆ ಬೀಳುತ್ತದೆ. ಕುದಿಯುವ ನೀರು ಕಟ್ಟೆಯ ಮೇಲೆ ಹರಿದು ತಾತನ ಕಾಲಿನ ಕಡೆಯ ಅಂಚಿಗೆ ಬರುತ್ತಿದೆ. ದೊಡ್ಡಕ್ಕನ ಕೈಯಿಂದ ಬಟ್ಟೆ ಬಿದ್ದುಹೋಗುತ್ತದೆ. ಅವರು ಎದ್ದಾಗಿದೆ, ಒಂದು ಹೆಜ್ಜೆ ಇಟ್ಟಾಗಿದೆ. ನರ್ಸಿನ ಕಣ್ಣು ಇವರ ಮೇಲಿದೆ.

“ಇರು,” ಎನ್ನುತ್ತಾರೆ ತಾತ.

ಅವರು ತಿರುಗಿ ನೋಡಿಲ್ಲ. ಹೇಳಿದ್ದು ದೊಡ್ಡಕ್ಕನ ಕನ್ನಡದಲ್ಲಿ. ದಿನಾ ಬೆಳಗ್ಗೆ ಹೊಸ್ತಿಲಾಚೆಯಿಂದ ಕೇಳಿಸಿಕೊಂಡ ಮಾತನ್ನು ಅವರು ಯಾವಾಗಲೋ ಕಲಿತಿಟ್ಟುಕೊಂಡಿದ್ದಾರೆ. ದೊಡ್ಡಕ್ಕ ನಿಂತಲ್ಲೇ ನಿಲ್ಲುತ್ತಾರೆ. ತಾತ ಕೆಟಲನ್ನು ಕೆಳಗಿಡುತ್ತಾರೆ, ಕಾಲು ಹಿಂದಕ್ಕೆ ಸರಿಸುತ್ತಾರೆ, ಸ್ಪಂಜಿನಿಂದ ಕಟ್ಟೆ ಒರೆಸುತ್ತಾರೆ. ಮತ್ತೆ ಸುರಿಯುತ್ತಾರೆ. ಲೋಟ ತುಂಬುತ್ತದೆ.

“ಚೆಲ್ಲೋದು ಎಲ್ಲರೂ ಚೆಲ್ತಾರೆ. ಆಮೇಲೆ ಏನು ಮಾಡ್ತಾರೆ ಅಂತ ನೋಡೋಕೆ ಬಂದಿದ್ದೆ,” ಎನ್ನುತ್ತಾರೆ ನರ್ಸ್. “ಇಲ್ಲೇ ಇರಲಿ.” ತಾತ ಯಾವ ಭಾಷೆಯಲ್ಲಿ ಏನು ಹೇಳಿದರು ಎಂದು ಅವರು ಕೇಳಿದಾಗ ದೊಡ್ಡಕ್ಕ “ನನ್ನ ಭಾಷೆ” ಎಂದಷ್ಟೇ ಹೇಳಿ, ಬಿದ್ದ ಬಟ್ಟೆಯನ್ನು ಎತ್ತಿಕೊಳ್ಳುತ್ತಾರೆ.

ನರ್ಸ್ ಹೋದ ಮೇಲೆ ತಾತ ಇನ್ನೊಂದು ಲೋಟ ಚಹಾ ಮಾಡಿ ದೊಡ್ಡಕ್ಕನ ಮುಂದೆ ಇಡುತ್ತಾರೆ. ಹಿರಿಯರು ನಿಂತಿರುವಾಗ ತಾವು ಕೂತು ಕುಡಿಯುವುದು ಅವರಿಗೆ ಇನ್ನೂ ಒಗ್ಗಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಸಕ್ಕರೆಯಿಲ್ಲದ ಆ ಚಹಾವನ್ನು ಒಂದು ಹನಿ ಬಿಡದೆ ಮುಗಿಸುತ್ತಾರೆ.

ಮುಂದೇನು ಆಸೆ ಎಂದರೆ, ರಜೆಗೆ ಮನೆಗೆ ಹೋಗುವುದು ಎನ್ನುತ್ತಾರೆ. “ಅತ್ತೆ ಮುಂದೆ ತಟ್ಟೆ ಇಟ್ಟು ನಾನು ದೂರ ಕೂರ್ಬೇಕು. ನೆಂಟರು ಬೈದ್ರೆ ನನ್ನನ್ನ ಬೈಲಿ, ಓರಗಿತ್ತಿ ಪಾಪ ಏನು ಮಾಡಿದಾಳೆ. ಅತ್ತೆ ಕೈ ನಡುಗುತ್ತೆ, ಸೀರೆ ತುಂಬಾ ಅನ್ನ ಆಗುತ್ತೆ. ನನ್ನ ಕೈ ಸುಮ್ನಿರಲ್ಲ, ಮುಂದೆ ಹೋಗೇ ಹೋಗುತ್ತೆ. ಆಗ ಅತ್ತೆ ನನ್ನ ಗದರಿಸ್ಬೇಕು, ‘ಇರೇ’ ಅಂತ. ಅದೊಂದು ಕೇಳಿದ್ರೆ ಸಾಕು ನನಗೆ.”