‘ಮಾರಾಯ’ ಇಲ್ಲದ ಜಗಳ

ನಾನು ಮಾತು ಕಲಿತದ್ದು ಅಪ್ಪನ ತಾಯಿಯಿಂದ. ಒಂದು ವಾಕ್ಯ ಮುಗಿಸಬೇಕಾದರೆ ಅಜ್ಜಿಗೆ ‘ಅದೆಂತ ಹೇಳಿದ್ರೆ’ ಬೇಕು, ನಡುವೆ ‘ಗೊತ್ತುಂಟಲ್ಲ’ ಬೇಕು, ಕೊನೆಗೆ ‘ಮಾರಾಯ’ ಬೇಕೇ ಬೇಕು. ಇವೆಲ್ಲ ಯಾಕೆ ಎಂದು ಶಾಲೆಗೆ ಹೋಗುವ ಗರ್ವದಲ್ಲಿ ಕೇಳಿದ್ದೆ. ಅಜ್ಜಿ ಎಡಗಿವಿ ತೋರಿಸಿದಳು. ಮೇಲಿನ ಅರ್ಧ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಮೈದುನಂದಿರ ಜಗಳಕ್ಕೆ ಅಡ್ಡ ಹೋಗಿ ಕತ್ತಿ ತಾಗಿದ್ದಂತೆ.

“ಮಾರಾಯ ಮಾರಾಯ ಅಂತ ಬೈತಾ ಇದ್ರೆ ಹೆದರ್ಬೇಡ. ಅದು ನಿಂತಿತು ಅಂದ್ರೆ ಜಗಳ ಕೈಯಿಂದ ಕತ್ತಿಗೆ ಬಂತು ಅಂತ ಲೆಕ್ಕ.”

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆ ಲೆಕ್ಕವನ್ನು ಕಳೆದ ಬೇಸಿಗೆಯಲ್ಲಿ ಕಣ್ಣಾರೆ ಕಂಡೆ.

ನಮಗೂ ಕೆಳಗಿನ ಮನೆಗೂ ನೀರು ಒಂದೇ. ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಇಳಿದು ತೊಟ್ಟಿಯಲ್ಲಿ ನಿಲ್ಲುತ್ತದೆ. ತೊಟ್ಟಿಗೆ ಎರಡು ತೂತು, ಎರಡಕ್ಕೂ ತೆಂಗಿನ ಸಿಪ್ಪೆಯ ಬೂಚು. ಸರದಿ ಬಂದವನು ತನ್ನ ಬೂಚು ಕೀಳಬೇಕು, ಸರದಿ ಮುಗಿದಾಗ ತಾನೇ ಜಡಿಯಬೇಕು. ಇನ್ನೊಬ್ಬನ ಬೂಚು ಮುಟ್ಟುವುದೆಂದರೆ ಅವನ ಅಡುಗೆಮನೆಗೆ ನುಗ್ಗಿದ ಹಾಗೆ.

ಅಂದು ಸರದಿ ನಮ್ಮದು. ಸೊಪ್ಪು ಕಡಿಯಲು ಹೊರಟಿದ್ದ ಚಿಕ್ಕಪ್ಪ ಕೈಯಲ್ಲಿ ಕತ್ತಿ ಹಿಡಿದೇ ತೊಟ್ಟಿಯ ಹತ್ತಿರ ಹೋದರು. ನಮ್ಮ ಬೂಚು ಕೆಸರಿನಲ್ಲಿತ್ತು, ನಮ್ಮ ತೂತಿಗೆ ಕಲ್ಲು ಜಡಿದಿತ್ತು, ನೀರು ಕೆಳಮನೆಯವನ ಬಸಳೆಗೆ ಹೋಗುತ್ತಿತ್ತು. ಅವನು ಅಲ್ಲೇ ನಿಂತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಎಂತ ಮಾರಾಯ, ನಿನ್ನ ಬಸಳೆಗೆ ಮಾತ್ರವಾ ಬಾಯಾರುದು?”

“ನಿನ್ನ ಹಿತ್ತಿಲಲ್ಲಿ ಒಣಗ್ಲಿಕ್ಕೆ ಎಂತ ಉಂಟು ಮಾರಾಯ?”

ಚಿಕ್ಕಪ್ಪ ಕೆನ್ನೆಗೆ ಬಾರಿಸಿದರು. ಅವನು ಪಿಕ್ಕಾಸಿನಿಂದ ನಮ್ಮ ತೂತಿನ ಪೈಪು ಒಡೆದು, ಅಂಗಿ ಹಿಡಿದು ಚಿಕ್ಕಪ್ಪನ ತಲೆಯನ್ನು ಕಲ್ಲಿಗೆ ಗುದ್ದಿದ. ಹುಬ್ಬು ಒಡೆದು ರಕ್ತ ಇಳಿಯಿತು. ಆದರೂ ಬೈಗಳ ಕೊನೆಯಲ್ಲೆಲ್ಲ ಮಾರಾಯ ಇತ್ತು. ನಾನು ಜಗಲಿಯಿಂದ ಏಳಲಿಲ್ಲ. ಆಮೇಲೆ ಅವನು, ನಿನ್ನ ಅಮ್ಮ ನಿನ್ನನ್ನು ಸಾಕಿದ್ದೂ ಕದ್ದ ನೀರಿನಲ್ಲೇ ಎಂದ.

ಚಿಕ್ಕಪ್ಪ ಅಂಗಿ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ನೀವು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ,” ಎಂದರು. ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡ.

ನೆಕ್ರಾಜೆಯಿಂದ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದ ನಮ್ಮ ನೆಂಟರೊಬ್ಬರು, ಅಂತೂ ಸಮಾಧಾನಕ್ಕೆ ಬಂದರು ಎಂದು ಮಜ್ಜಿಗೆ ಲೋಟ ಎತ್ತಿಕೊಂಡರು. ನಾನು ಓಡಿದೆ. ತಲುಪುವ ಮೊದಲೇ ಕತ್ತಿ ಇಳಿದಿತ್ತು. ತಲೆಗೆ ಬಂದದ್ದಕ್ಕೆ ಅವನು ಕೈ ಅಡ್ಡ ಕೊಟ್ಟಿದ್ದ. ಬಾಳೆದಿಂಡು ಕಡಿದ ಸದ್ದು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿರಿದು, ಒಳಗೆ ಎಲುಬು ಬೆಳ್ಳಗೆ ಕಂಡಿತು. ಚಿಕ್ಕಪ್ಪ ಮತ್ತೆ ಕತ್ತಿ ಎತ್ತಿದರು. ಹಿಂದಿನಿಂದ ಸೊಂಟಕ್ಕೆ ಜೋತುಬಿದ್ದ ನನ್ನ ಬಾಯಿಗೆ ಅವರ ಮೊಣಕೈ ಬಡಿದು ಹಲ್ಲು ಮುರಿಯಿತು.

ತೊಟ್ಟಿಗೆ ಒರಗಿ ಬಿದ್ದಿದ್ದವನು ಮುಖ ಎತ್ತಿದ.

“ಕೊಲ್ಲುದಾದ್ರೆ ಕೊಲ್ಲು ಮಾರಾಯ. ‘ನೀವು’ ಅಂತ ಮಾತ್ರ ಹೇಳ್ಬೇಡ.”

ಎತ್ತಿದ ಕೈ ಅಲ್ಲೇ ನಿಂತಿತು. ಆದರೂ ಪಕ್ಕೆಗೊಂದು ಒದ್ದರು. ಕತ್ತಿಯನ್ನು ಬೆರಳು ಬಿಡಿಸಿ ನಾನೇ ತೆಗೆದೆ. ಮತ್ತೆ ಅವರೇ ಕೂತು, ಹೆಗಲ ಬೈರಾಸಿನಿಂದ ಗಾಯಕ್ಕೆ ಬಿಗಿದು, “ಕೈ ಮೇಲೆ ಹಿಡಿ ಮಾರಾಯ” ಎಂದು ಗದರಿದರು.

ಕೇಸು ಇನ್ನೂ ನಡೆಯುತ್ತಿದೆ. ಅವನ ಹೆಬ್ಬೆರಳು ಬಗ್ಗುವುದಿಲ್ಲ, ಬೂಚು ಕೀಳಲಾಗುವುದಿಲ್ಲ. ಅವನ ಸರದಿಯ ದಿನ ಚಿಕ್ಕಪ್ಪನೇ ಹೋಗಿ ಕಿತ್ತು ಕೊಡುತ್ತಾರೆ. ಆಯಿತಾ ಎಂದು ಇವರು, ಆಯಿತು ಎಂದು ಅವನು. ಅದರ ಬಾಲಕ್ಕೆ ಬೇರೇನೂ ಇರುವುದಿಲ್ಲ.

ಚಿಕ್ಕಮ್ಮ ಬಚ್ಚಲಿನ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾಳೆ. ಆ ದಿನ ಮನೆಯ ಕತ್ತಿಯನ್ನು ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟಿರುತ್ತಾಳೆ.